ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಘಂಟು ತೆಗೆಯಬೇಕೇ?

ಪ್ರಶ್ನೆ: ನಾನು ಬಯಲುಸೀಮೆಯವಳು. ಕರಾವಳಿ, ಮಲೆನಾಡಿನ ಕಾದಂಬರಿ ಓದುವಾಗ ಪುಟಕ್ಕೆ ನಾಲ್ಕೈದು ಪದ ತಿಳಿಯುವುದಿಲ್ಲ. ಪ್ರತಿಸಲ ನಿಘಂಟು ನೋಡಿದರೆ ಓದು ಸಾಗುವುದಿಲ್ಲ. ಏನು ಮಾಡಲಿ?

ಉತ್ತರ: ಬೇಡ, ಮೊದಲು ವಾಕ್ಯವನ್ನೇ ಕೇಳಿ. ಈ ಸಾಲು ನೋಡಿ:

‘ಮಳೆ ಹೊಳವಾದ ಮೇಲೆ ಅವಳು ಗೊರಬನ್ನು ತಲೆಯಿಂದ ತೆಗೆದು ಬದುವಿನ ಮೇಲೆ ಕವುಚಿಟ್ಟು, ಮತ್ತೆ ಬಗ್ಗಿ ನೇಜಿ ನೆಡತೊಡಗಿದಳು.’

ಗೊರಬು ಗೊತ್ತಿಲ್ಲ ಅಂದುಕೊಳ್ಳಿ. ‘ಅನ್ನು’ ಪ್ರತ್ಯಯ ಇರುವುದರಿಂದ ಅದು ನಾಮಪದ, ತೆಗೆದಿಡುವಂಥ ವಸ್ತು. ತಲೆಯಿಂದ ತೆಗೆದದ್ದು, ಅದೂ ಮಳೆಯ ಮಾತು ಬಂದ ಮೇಲೆ. ಹಾಗಾದರೆ ಕೊಡೆಯೇ? ಆ ಪದವನ್ನು ಅಲ್ಲಿಟ್ಟು ಓದಿ: ‘ಕೊಡೆಯನ್ನು ತಲೆಯಿಂದ ತೆಗೆದು’. ಕೂರುವುದಿಲ್ಲ. ‘ಮತ್ತೆ ಬಗ್ಗಿ’ ಎಂದಿದೆ, ಅಂದರೆ ಅದನ್ನು ಹೊತ್ತೇ ಅವಳು ನೆಡುತ್ತಿದ್ದಳು. ಎರಡೂ ಕೈ ಬಿಡುವಾಗಿರಲೇಬೇಕು. ಕವುಚಿಡಲು ಬರುತ್ತದೆ, ಅಂದರೆ ಒಳಗೆ ತಗ್ಗಿದೆ. ತಲೆ, ಬೆನ್ನು ಮುಚ್ಚುವ, ಗರಿಯಿಂದ ಹೆಣೆದ ಮಳೆಯ ಹೊದಿಕೆಯೇ ಗೊರಬು. ಗರಿ ಎಂಬುದು ವಾಕ್ಯದಿಂದ ಸಿಗುವುದಿಲ್ಲ, ಆದರೆ ಕತೆ ಮುಂದುವರಿಯಲು ಅದು ಬೇಕಾಗಿಯೂ ಇಲ್ಲ. ನೇಜಿ ಎಂದರೆ ನಾಟಿಯ ಭತ್ತದ ಸಸಿ ಎಂಬುದನ್ನು ‘ನೆಡು’ ಕ್ರಿಯಾಪದವೇ ಬಹುಪಾಲು ಹೇಳಿಬಿಡುತ್ತದೆ.

ಹೊಳವಾಗುವುದು ಎಂದರೆ ಮಳೆ ಬಿಡುವುದು. ಇಲ್ಲೊಂದು ತೊಡಕಿದೆ. ಗೊರಬು ತಿಳಿದರೆ ಹೊಳವು ತಿಳಿಯುತ್ತದೆ, ಹೊಳವು ತಿಳಿದರೆ ಗೊರಬು. ಎರಡೂ ತಿಳಿಯದಿದ್ದರೆ ಒಂದು ಊಹೆಯ ಮೇಲೆ ಇನ್ನೊಂದು ಊಹೆ ನಿಲ್ಲುತ್ತದೆ. ಒಂದೇ ವಾಕ್ಯದಲ್ಲಿ ಮೂರು ಹೊಸ ಪದ ಬಂದರೆ ಪ್ಯಾರಾ ಮುಗಿಯುವತನಕ ಓದಿ, ಪೆನ್ಸಿಲ್ ಗುರುತು ಹಾಕಿ. ಅದೇ ಪದ ಮತ್ತೆ ಬಂದಾಗ ಹಳೆಯ ಊಹೆ ಅಲ್ಲೂ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಆಗ ನಿಘಂಟು.

ನಿಘಂಟಿನಲ್ಲಿ ‘ಗೊರಬನ್ನು’ ಹುಡುಕಿ ಸಿಗಲಿಲ್ಲ ಎನ್ನುವವರೇ ಹೆಚ್ಚು. ಪ್ರತ್ಯಯ ಕಳಚಿ, ಸಂಧಿ ಬಿಡಿಸಿ: ಗೊರಬು, ಹೊಳವು. ಅದಕ್ಕೂ ಮೊದಲು ಕಾದಂಬರಿಯ ಕೊನೆಯ ಪುಟ ತಿರುವಿ. ಪ್ರಾದೇಶಿಕ ಕೃತಿಗಳಲ್ಲಿ ಎಷ್ಟೋ ಸಲ ಪದಕೋಶ ಅಲ್ಲೇ ಇರುತ್ತದೆ.

ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅನಿಸುವ ಪದವೇ ಹೆಚ್ಚು ದಾರಿ ತಪ್ಪಿಸುತ್ತದೆ. ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ದಾರಿ. ಯಾರೋ ಬಟ್ಟೆ ಹಿಡಿದು ನಡೆದರು ಎಂದಿದ್ದರೆ ಅನುಮಾನವೇ ಬರುವುದಿಲ್ಲ. ಮುಂದಿನ ಸಾಲಿನಲ್ಲಿ ಆ ‘ಬಟ್ಟೆ’ ಕಾಡಿನೊಳಗೆ ಕವಲೊಡೆದಾಗ ಮಾತ್ರ ಎಡವುತ್ತೀರಿ, ಅಲ್ಲಿ ಹಿಂದಕ್ಕೆ ಹೋಗಿ ಓದಬೇಕು.

ಕ್ರಯಪತ್ರ, ನೋಟಿಸು, ಔಷಧದ ಚೀಟಿಗೆ ಮಾತ್ರ ಈ ಉಪಾಯ ಬೇಡ. ಅಲ್ಲಿ ‘ಭೋಗ್ಯ’ ಎಂದರೇನು ಎಂದು ಅಂದಾಜಿನಲ್ಲಿ ಓದಿ ಸಹಿ ಹಾಕಬೇಡಿ.