ನೋಂದಣಿಯಾದ ಉಯಿಲಿಗೂ ಪ್ರೊಬೇಟ್ ಬೇಕೇ?

ಪ್ರಶ್ನೆ: ನಮ್ಮ ತಂದೆ ತಮ್ಮ ಸ್ವಯಾರ್ಜಿತ ಮನೆಯನ್ನು ನನಗೆ ಉಯಿಲು ಬರೆದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯನ್ನೂ ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆ ಹೋದರೆ ‘ಪ್ರೊಬೇಟ್ ತನ್ನಿ’ ಅನ್ನುತ್ತಿದ್ದಾರೆ. ಕರ್ನಾಟಕದಲ್ಲಿ ಅದು ಕಡ್ಡಾಯವೇ?

ಉತ್ತರ: ಅಲ್ಲ. ಪ್ರೊಬೇಟ್ ಎಂದರೆ ಉಯಿಲು ನಿಜವೆಂದು ಕೋರ್ಟ್ ಕೊಡುವ ದೃಢೀಕರಣ. ಅದು ಮೊದಲೂ ಕಡ್ಡಾಯ ಇರಲಿಲ್ಲ, ಈಗಂತೂ ಇಲ್ಲ.

ಗೊಂದಲಕ್ಕೆ ಮೂಲ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಂ. ಪ್ರೊಬೇಟ್ ಇಲ್ಲದೆ ಉಯಿಲಿನ ಹಕ್ಕನ್ನು ಕೋರ್ಟಿನಲ್ಲಿ ಸ್ಥಾಪಿಸುವಂತಿಲ್ಲ ಎಂದು ಅದು ಹೇಳುತ್ತಿತ್ತು. ಆದರೆ ಹಿಂದೂ, ಬೌದ್ಧ, ಸಿಖ್, ಜೈನರ ಮಟ್ಟಿಗೆ ಈ ಮಾತು ಅನ್ವಯವಾಗುತ್ತಿದ್ದದ್ದು ಹಳೆಯ ಬಂಗಾಳ ಪ್ರಾಂತ್ಯದಲ್ಲಿ ಮತ್ತು ಮದ್ರಾಸ್, ಬಾಂಬೆ ಹೈಕೋರ್ಟುಗಳ ಮೂಲ ಸಿವಿಲ್ ವ್ಯಾಪ್ತಿಯಲ್ಲಿ ಬರೆದ ಉಯಿಲಿಗೆ, ಇಲ್ಲವೇ ಅಲ್ಲಿರುವ ಸ್ಥಿರಾಸ್ತಿಗೆ ಸಂಬಂಧಿಸಿದ ಉಯಿಲಿಗೆ ಮಾತ್ರ. ಮೂಲ ವ್ಯಾಪ್ತಿ ಎಂದರೆ ನಗರವಷ್ಟೇ, ಇಡೀ ಪ್ರಾಂತ್ಯವಲ್ಲ. ಹಾಗಾಗಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ, ಮಂಗಳೂರಿಗಾಗಲಿ, ಬಾಂಬೆ ಪ್ರಾಂತ್ಯದ ಧಾರವಾಡಕ್ಕಾಗಲಿ ಅದು ತಟ್ಟಲೇ ಇಲ್ಲ. ಭಾರತೀಯ ಕ್ರೈಸ್ತರಿಗೆ 2002ರ ತಿದ್ದುಪಡಿ ವಿನಾಯಿತಿ ಕೊಟ್ಟಿತು. ಬೆಂಗಳೂರಲ್ಲಿ ಕೂತು ಉಯಿಲು ಬರೆದವರ ಮುಂಬೈ ಮಾಟುಂಗದ ಫ್ಲ್ಯಾಟಿಗೆ ಪ್ರೊಬೇಟ್ ಬೇಕಿತ್ತು, ಠಾಣೆ ಜಿಲ್ಲೆಗೆ ಸೇರಿದ ಡೊಂಬಿವಲಿಯ ಫ್ಲ್ಯಾಟಿಗೆ ಬೇಕಿರಲಿಲ್ಲ! 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಲಮನ್ನೇ ಕೈಬಿಟ್ಟಿತು.

ಹಾಗಾದರೆ ಕಚೇರಿಯವರು ಕೇಳುವುದೇಕೆ? ನಾಳೆ ನಿಮ್ಮ ಅಣ್ಣನೋ ತಂಗಿಯೋ ಬಂದು ತಕರಾರು ತೆಗೆದರೆ ತಮ್ಮ ತಲೆಗೆ ಬರಬಾರದು ಅಂತ. ಅದರಲ್ಲಿ ಸ್ವಲ್ಪ ಕಾನೂನೂ ಇದೆ. ಉಯಿಲು ನಿಜವೋ ಸುಳ್ಳೋ ಎಂಬ ಜಗಳವನ್ನು ಕಂದಾಯ ಅಧಿಕಾರಿಗಳು ತೀರ್ಮಾನಿಸುವಂತಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ ಎಂದು ಕರ್ನಾಟಕ ಹೈಕೋರ್ಟ್ 2002ರಲ್ಲಿ ಸಿ.ಎನ್. ನಾಗೇಂದ್ರ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸುಪ್ರೀಂ ಕೋರ್ಟ್ 2021ರಲ್ಲಿ ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಹೇಳಿದ್ದೂ ಅದನ್ನೇ. ಆದ್ದರಿಂದ ಮೊದಲು ಮನೆಯವರನ್ನು ಒಪ್ಪಿಸಿ. ಮರಣ ಪ್ರಮಾಣಪತ್ರ, ಉಯಿಲಿನ ದೃಢೀಕೃತ ನಕಲು, ವಂಶವೃಕ್ಷ, ಋಣಭಾರ ಪತ್ರ, ಕಂದಾಯ ಕಟ್ಟಿದ ರಸೀದಿ, ಜೊತೆಗೆ ಉಳಿದ ವಾರಸುದಾರರ ‘ಆಕ್ಷೇಪಣೆ ಇಲ್ಲ’ ಎಂಬ ಅಫಿಡವಿಟ್ ಇಟ್ಟರೆ ಸಾಮಾನ್ಯವಾಗಿ ಖಾತೆ ಆಗುತ್ತದೆ. ಯಾರಾದರೂ ಲಿಖಿತ ಆಕ್ಷೇಪಣೆ ಕೊಟ್ಟರೆ ಮಾತ್ರ ಕಚೇರಿಗೆ ಅಲೆಯುವುದು ವ್ಯರ್ಥ. ಆಗ ಎರಡು ದಾರಿ: ಹಕ್ಕು ಘೋಷಣೆಯ ದಾವೆ ಹೂಡಿ ಅದರಲ್ಲೇ ಉಯಿಲನ್ನು ರುಜುವಾತುಪಡಿಸುವುದು, ಇಲ್ಲವೇ ಪ್ರೊಬೇಟ್. ದಾವೆಯ ತೀರ್ಪು ಆ ದಾವೆಯ ಪಕ್ಷಗಾರರನ್ನು ಕಟ್ಟಿಹಾಕುತ್ತದೆ, ಪ್ರೊಬೇಟ್ ಎಲ್ಲರನ್ನೂ.

ಯಾವ ದಾರಿ ಹಿಡಿದರೂ ಗೆಲುವು ಸೋಲು ನಿಂತಿರುವುದು ಸಾಕ್ಷಿಗಳ ಮೇಲೆ. ನೋಂದಣಿ ಆಗಿದೆಯಲ್ಲ ಎಂದು ನಿಶ್ಚಿಂತೆಯಿಂದ ಇರುವವರೇ ಇಲ್ಲಿ ಎಡವುತ್ತಾರೆ. ಉಯಿಲಿಗೆ ನೋಂದಣಿ ಐಚ್ಛಿಕ. ಮಾಡಿಸಿದರೆ ಕಾಗದ ಕಳೆಯುವುದಿಲ್ಲ, ತಾರೀಖು ತಿದ್ದಲಾಗುವುದಿಲ್ಲ. ಅಷ್ಟರಿಂದಲೇ ಉಯಿಲು ಸಾಬೀತಾಗುವುದಿಲ್ಲ. ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು, ಬರೆದುಕೊಟ್ಟವರು ಸಹಿ ಹಾಕುವುದನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಎದುರಿನಲ್ಲೇ ತಾವೂ ಸಹಿ ಮಾಡಿರಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಂ ಪ್ರಕಾರ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಇದನ್ನು ಹೇಳಬೇಕು. ‘ಸಹಿ ನನ್ನದು, ಆದರೆ ಯಜಮಾನರು ಯಾವಾಗ ಸಹಿ ಮಾಡಿದರೋ ಕಾಣೆ’ ಎಂದು ಸಾಕ್ಷಿ ಪಾಟೀ ಸವಾಲಿನಲ್ಲಿ ಅಂದುಬಿಟ್ಟರೆ ಕಟ್ಟಡ ಅರ್ಧ ಕುಸಿದಂತೆ. ಬಿಕ್ಕಲಂ (ಬರೆದವರ ಸಹಿ) ಹಾಕಿದ ಪತ್ರ ಬರಹಗಾರ ತಾನಾಗಿಯೇ ಸಾಕ್ಷಿ ಆಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಸಹಿಯೂ ಹಾಗೆಯೇ. ಇಬ್ಬರು ಸಾಕ್ಷಿಗಳೂ ತೀರಿಕೊಂಡಿದ್ದರೆ ಸಾಕ್ಷ್ಯ ಅಧಿನಿಯಮದ್ದೇ 68ನೇ ಕಲಂ ಇದೆ: ಒಬ್ಬ ಸಾಕ್ಷಿಯ ಕೈಬರಹವನ್ನೂ ಬರೆದುಕೊಟ್ಟವರ ಸಹಿಯನ್ನೂ ಬಲ್ಲವರಿಂದ ಗುರುತಿಸಬೇಕು. ಸಾಕ್ಷಿಗಳ ಹಳೆಯ ಸಹಿ ಇರುವ ಕಾಗದಗಳನ್ನು ಈಗಲೇ ಕೂಡಿಡಿ.

ಸಹಿ ಸಾಬೀತಾದರೂ ಅನುಮಾನ ಉಳಿದರೆ ಉಯಿಲು ಬೀಳಬಹುದು. ಇದಕ್ಕೆ ದೇಶದಾದ್ಯಂತ ಇಂದಿಗೂ ಉಲ್ಲೇಖವಾಗುವ ತೀರ್ಪು ಮೈಸೂರಿನ ವ್ಯಾಜ್ಯದಿಂದ ಹುಟ್ಟಿದ್ದು: ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ. ಉಯಿಲನ್ನು ಮುಂದಿಟ್ಟವರೇ ಅದರ ತಯಾರಿಯಲ್ಲಿ ಮುಂದಾಳಾಗಿ, ಅದರಿಂದ ದೊಡ್ಡ ಲಾಭವನ್ನೂ ಪಡೆದಿದ್ದರೆ ಆ ಅನುಮಾನವನ್ನು ಅವರೇ ಪರಿಹರಿಸಬೇಕು ಎಂದ ಸುಪ್ರೀಂ ಕೋರ್ಟ್, 1958ರಲ್ಲಿ ಆ ಉಯಿಲನ್ನು ಒಪ್ಪಲಿಲ್ಲ. ಆದ್ದರಿಂದ ತಂದೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದವರು ನೀವೇ ಆಗಿದ್ದರೆ, ಅವರ ಅಂದಿನ ಆರೋಗ್ಯದ ಬಗ್ಗೆ ವೈದ್ಯರ ದಾಖಲೆ, ಉಳಿದ ಮಕ್ಕಳಿಗೆ ಯಾಕೆ ಕೊಡಲಿಲ್ಲ ಎಂಬುದಕ್ಕೆ ಉಯಿಲಿನಲ್ಲೇ ಇರುವ ಕಾರಣ, ಇವೆಲ್ಲ ಬೇಕಾಗುತ್ತವೆ.

ಪ್ರೊಬೇಟಿಗೇ ಹೋಗುವುದಾದರೆ ಮೊದಲು ಉಯಿಲಿನಲ್ಲಿ ಎಕ್ಸಿಕ್ಯೂಟರ್ (ಉಯಿಲನ್ನು ಜಾರಿ ಮಾಡಲು ಅದರಲ್ಲೇ ನೇಮಿಸಿದವರು) ಹೆಸರಿದೆಯೇ ನೋಡಿ. ಪ್ರೊಬೇಟ್ ಸಿಗುವುದು ಎಕ್ಸಿಕ್ಯೂಟರಿಗೆ ಮಾತ್ರ. ಹೆಸರಿಲ್ಲದಿದ್ದರೆ ಕೇಳಬೇಕಾದದ್ದು ಉಯಿಲು ಲಗತ್ತಿಸಿದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಸ್ತಿ ನಿರ್ವಹಣೆಗೆ ಕೋರ್ಟ್ ಕೊಡುವ ಅಧಿಕಾರಪತ್ರ. ಅರ್ಜಿ ಜಿಲ್ಲಾ ನ್ಯಾಯಾಲಯಕ್ಕೆ, ಬೆಂಗಳೂರು ನಗರದಲ್ಲಾದರೆ ಸಿಟಿ ಸಿವಿಲ್ ಕೋರ್ಟಿಗೆ. ಅಲ್ಲಿ ಅದಕ್ಕೆ ‘ಪಿ ಅಂಡ್ ಎಸ್‌ಸಿ’ (ಪ್ರೊಬೇಟ್ ಮತ್ತು ಸಕ್ಸೆಷನ್ ಸರ್ಟಿಫಿಕೇಟ್) ನಂಬರ್ ಬೀಳುತ್ತದೆ. ಮೂಲ ಉಯಿಲು, ಆಸ್ತಿಪಟ್ಟಿ ಮತ್ತು ಮೌಲ್ಯ, ಹತ್ತಿರದ ಬಂಧುಗಳ ವಿಳಾಸ, ಸಿಕ್ಕುವಂತಿದ್ದರೆ ಒಬ್ಬ ಸಾಕ್ಷಿಯ ದೃಢೀಕರಣ ಬೇಕು. ಕೋರ್ಟ್ ಶುಲ್ಕ ಆಸ್ತಿಯ ಮೌಲ್ಯವನ್ನು ಅವಲಂಬಿಸುತ್ತದೆ. ಬಂಧುಗಳಿಗೆ ನೋಟಿಸ್, ಪತ್ರಿಕಾ ಪ್ರಕಟಣೆ ಆದ ಮೇಲೆ ಯಾರೂ ಬರದಿದ್ದರೆ ಸಾಕ್ಷಿ ವಿಚಾರಣೆ, ಆದೇಶ. ಯಾರಾದರೂ ವಿರೋಧಿಸಿದರೆ ಅದು ದಾವೆಯಂತೆ ನಡೆಯುತ್ತದೆ, ವರ್ಷಗಳು ಹಿಡಿಯುತ್ತವೆ. ಅರ್ಜಿ ಹಾಕುವ ಹಕ್ಕು ಹುಟ್ಟಿದಂದಿನಿಂದ ಮೂರು ವರ್ಷದ ಮಿತಿ ಇದೆ. ಆ ಹಕ್ಕು ಸಾವಿನ ದಿನವೇ ಹುಟ್ಟಬೇಕೆಂದಿಲ್ಲ. ಆದರೆ ಅಕಾರಣ ವಿಳಂಬವೇ ಅನುಮಾನಕ್ಕೆ ದಾರಿ. ಪ್ರೊಬೇಟ್ ಪಡೆದವರು ಆರು ತಿಂಗಳೊಳಗೆ ಆಸ್ತಿಪಟ್ಟಿ, ಒಂದು ವರ್ಷದೊಳಗೆ ಲೆಕ್ಕ ಒಪ್ಪಿಸಬೇಕು. ಇದನ್ನು ಬಹಳ ಮಂದಿ ಮರೆಯುತ್ತಾರೆ.

ಇನ್ನೊಂದು ಮಾತು. ಪ್ರೊಬೇಟ್ ಹೇಳುವುದು ಉಯಿಲು ನಿಜ ಎಂದಷ್ಟೇ, ಆಸ್ತಿ ತಂದೆಯದೇ ಎಂದಲ್ಲ. ಅದು ಪಿತ್ರಾರ್ಜಿತ ಎಂದು ತಂಗಿ ವಾದಿಸಿದರೆ ಪ್ರೊಬೇಟ್ ಕೋರ್ಟ್ ಕೇಳುವುದಿಲ್ಲ, ಅದಕ್ಕೆ ವಿಭಾಗದ ದಾವೆಯೇ ಆಗಬೇಕು. ಪಿತ್ರಾರ್ಜಿತವೆಂದೇ ತೀರ್ಮಾನವಾದರೆ ಉಯಿಲು ನಡೆಯುವುದು ತಂದೆಯ ಪಾಲಿನ ಮಟ್ಟಿಗೆ ಮಾತ್ರ.

ತಂದೆಗೆ ಹೊರರಾಜ್ಯದಲ್ಲೂ ಆಸ್ತಿ ಇದ್ದರೆ ಅರ್ಜಿ ಹಾಕುವ ಮೊದಲೇ ಯೋಚಿಸಿ. ಜಿಲ್ಲಾ ನ್ಯಾಯಾಧೀಶರು ಕೊಟ್ಟ ಪ್ರೊಬೇಟ್ ರಾಜ್ಯದೊಳಗೆ ನಡೆಯುತ್ತದೆ. ರಾಜ್ಯದ ಹೊರಗಿನ ಆಸ್ತಿಯ ಮೌಲ್ಯ 10,000 ರೂಪಾಯಿ ಮೀರಿದರೆ ಅದು ಅಲ್ಲಿಗೆ ಸಲ್ಲದು. ಇಂದು ಯಾವ ಸೈಟು ಆ ಬೆಲೆಗೆ ಸಿಗುತ್ತದೆ? ಅಂಥವರು ನೇರ ಹೈಕೋರ್ಟಿನಲ್ಲೇ ಅರ್ಜಿ ಹಾಕಬೇಕು.