‘ಸರ್ಟಿಫಿಕೇಟ್ ಇದೆಯಲ್ಲ ಸಾರ್, ಸಾಲದಾ?’

ಕಳೆದ ತಿಂಗಳು ತಿಪಟೂರಿನಿಂದ ತಾಯಿ ಮಗಳು ನಮ್ಮ ಆಫೀಸಿಗೆ ಬಂದಿದ್ದರು. ಮಗಳು ಸೆಕೆಂಡ್ ಪಿಯುಸಿ ಮುಗಿಸಿ ಐದು ವರ್ಷದಿಂದ ಒಂದು ಟ್ಯುಟೋರಿಯಲ್‌ನಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದಾಳೆ. ಫೈಲಿನಿಂದ ಜೋಪಾನವಾಗಿ ತೆಗೆದು ನನ್ನ ಮುಂದಿಟ್ಟದ್ದು 120 ಗಂಟೆಗಳ ಟೆಫಲ್ ಕೋರ್ಸಿನ, ಅಂದರೆ ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿಯ ಸರ್ಟಿಫಿಕೇಟು. ಬಂಗಾರದ ಬಣ್ಣದ ಸೀಲು, ಸುತ್ತ ಬಳ್ಳಿಯ ಅಂಚು, ಮೇಲೆ ದಪ್ಪ ಲ್ಯಾಮಿನೇಷನ್. ಥಾಯ್ಲೆಂಡಿನ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಟಿಕೆಟ್ ಮಾಡಿಸೋದೊಂದು ಬಾಕಿ ಅಂದರು ತಾಯಿ. ಡಿಗ್ರಿ ಎಲ್ಲಿ ಅಂತ ಕೇಳಿದೆ. ‘ಇದೇ ಸಾಕು ಅಂತ ಏಜೆಂಟ್ ಹೇಳಿದ್ರು ಸಾರ್. ಇದು ಇಂಟರ್‌ನ್ಯಾಷನಲ್ ಲೈಸೆನ್ಸಂತೆ.’

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಒಂದು ಸಲ ಬಿಡಿಸಿ ಹೇಳಿಬಿಡುತ್ತೇನೆ.

ಟೆಫಲ್ ಅನ್ನೋದು ತರಬೇತಿ, ಲೈಸೆನ್ಸ್ ಅಲ್ಲ. ಇಷ್ಟು ಗಂಟೆ ಕಲಿತಿದ್ದೀರಿ ಅಂತ ಕೋರ್ಸ್ ನಡೆಸಿದವರು ಬರೆದುಕೊಟ್ಟ ಕಾಗದ ಅದು. ಕೇಂಬ್ರಿಜ್‌ನ ಸೆಲ್ಟಾ ಇದಕ್ಕಿಂತ ಗಟ್ಟಿ ಕೋರ್ಸು. ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿ ತೋರಿಸಬೇಕು. ಸೇರಲು ಡಿಗ್ರಿ ಕಡ್ಡಾಯವಲ್ಲ. ಆದರೆ ಸೆಲ್ಟಾ ಇದ್ದ ಮಾತ್ರಕ್ಕೆ ಡಿಗ್ರಿ ಕೇಳುವ ದೇಶ ಕೇಳದೆ ಬಿಡುವುದಿಲ್ಲ. ನಿಮ್ಮ ಪಾಠ ಹಿಡಿಸಿದರೆ ಶಾಲೆಯವರು ಕೆಲಸ ಕೊಡಬಹುದು. ಆ ಕೆಲಸ ಮಾಡಲು ಬಿಡಬೇಕಾದದ್ದು ಅಲ್ಲಿನ ಸರ್ಕಾರ. ‘ಆಫರ್ ಲೆಟರ್ ಬಂತಲ್ಲ’ ಅನ್ನುವವರಿಗೂ ನನ್ನ ಉತ್ತರ ಇದೇ.

ಥಾಯ್ಲೆಂಡನ್ನೇ ನೋಡಿ. ಶಾಲೆಯಲ್ಲಿ ಪಾಠ ಮಾಡಲು ಮೂರು ಬೇರೆ ಬೇರೆ ಕಾಗದ ಬೇಕು. ಕೆಲಸಕ್ಕೆ ಹೋಗುವವರ ನಾನ್-ಇಮಿಗ್ರೆಂಟ್ ಬಿ ವೀಸಾ, ವರ್ಕ್ ಪರ್ಮಿಟ್, ಮತ್ತೆ ಅಲ್ಲಿನ ಶಿಕ್ಷಕರ ಮಂಡಳಿಯಾದ ಖುರುಸಪಾದ ಲೈಸೆನ್ಸು ಇಲ್ಲವೇ ತಾತ್ಕಾಲಿಕ ವಿನಾಯಿತಿ. ವಿನಾಯಿತಿ ಅಂದ ಕೂಡಲೇ ಎಲ್ಲರ ಮುಖ ಅರಳುತ್ತದೆ. ಅದು ಡಿಗ್ರಿ ಇದ್ದು ಶಿಕ್ಷಕರ ಲೈಸೆನ್ಸ್ ಇಲ್ಲದವರಿಗೆ. ಡಿಗ್ರಿಯೇ ಇಲ್ಲದವರಿಗಲ್ಲ. ‘ಟೂರಿಸ್ಟ್ ಆಗಿ ಬಂದುಬಿಡಿ, ಆಮೇಲೆ ಸರಿಮಾಡೋಣ’ ಅನ್ನುತ್ತಾರಲ್ಲ, ಡಿಗ್ರಿ ಇಲ್ಲದ ಮೇಲೆ ಆಮೇಲೆ ಸರಿಮಾಡಲು ಏನಿದೆ? ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್ ದಂಡ, ಮೇಲೆ ಗಡಿಪಾರು. ಸಿಕ್ಕಿಬೀಳುವುದು ನೀವು, ಫೋನಿನಲ್ಲಿ ಮಾತಾಡಿದವರಲ್ಲ.

ವಿಯೆಟ್ನಾಂ ಡಿಗ್ರಿಯನ್ನೂ ಕೇಳುತ್ತದೆ, ಟೆಫಲ್ ತರಹದ ಸರ್ಟಿಫಿಕೇಟನ್ನೂ ಕೇಳುತ್ತದೆ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಇಂಗ್ಲಿಷ್ ಮಾತಾಡುವ ಏಳು ದೇಶಗಳವರಿಗೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಿಂದ ಭಾರತೀಯರಿಗೂ ಒಂದು ಬಾಗಿಲು ತೆರೆದಿದೆ, ಅಲ್ಲೂ ಡಿಗ್ರಿ ಬೇಕೇ ಬೇಕು.

ಹಾಗಾದರೆ ದಾರಿಯೇ ಇಲ್ವಾ? ಇದೆ, ಕಿರಿದು. ಜಪಾನಿನ ಖಾಸಗಿ ಭಾಷಾ ಶಾಲೆಗಳವರು ಸಾಮಾನ್ಯವಾಗಿ ಬಳಸುವ ವೀಸಾದಲ್ಲಿ ಡಿಗ್ರಿಯ ಬದಲಿಗೆ ಮೂರು ವರ್ಷದ ಅನುಭವ ತೋರಿಸಬಹುದು. ಇದನ್ನು ಹೇಳಿದಾಗ ಹುಡುಗಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಐದು ವರ್ಷ ಆಗಿದೆ ಸಾರ್! ಸಂಬಳ ಹೇಗೆ ಕೊಡ್ತಾರೆ ಅಂದೆ. ‘ಕವರಿನಲ್ಲಿ, ಕ್ಯಾಶ್.’ ನೇಮಕದ ಪತ್ರ ಇಲ್ಲ, ಬ್ಯಾಂಕ್ ಎಂಟ್ರಿ ಇಲ್ಲ. ಐದು ವರ್ಷ ದಿನಾ ಸಂಜೆ ನಿಂತು ಪಾಠ ಮಾಡಿದ್ದಕ್ಕೆ ಒಂದು ಸಾಲಿನ ಪುರಾವೆ ಇಲ್ಲ. ನಿಜಕ್ಕೂ ಹೊಟ್ಟೆ ಉರಿಯಿತು. ಅವಳ ಇಂಗ್ಲಿಷ್ ನಾನು ಕೇಳಿದ್ದೇನೆ, ತುಂಬ ಚೆನ್ನಾಗಿದೆ.

ಕಾಂಬೋಡಿಯಾದಲ್ಲಿ ಡಿಗ್ರಿಯ ವಿಷಯದಲ್ಲಿ ಇಷ್ಟು ಬಿಗಿ ಇಲ್ಲ. ಆದರೂ ಕೆಲಸಕ್ಕೆ ಹೋಗುವವರ ಇ ದರ್ಜೆಯ ವೀಸಾದಲ್ಲೇ ಒಳಗೆ ಹೋಗಬೇಕು, ಕಾರ್ಮಿಕ ಸಚಿವಾಲಯದ ವರ್ಕ್ ಪರ್ಮಿಟ್ ಬೇರೆ ಮಾಡಿಸಬೇಕು. ಟೂರಿಸ್ಟ್ ವೀಸಾವನ್ನು ಅಲ್ಲಿ ಹೋಗಿ ಕೆಲಸದ ವೀಸಾ ಮಾಡಿಕೊಳ್ಳಲು ಆಗುವುದಿಲ್ಲ. ಒಳ್ಳೆ ಕೆಲಸ ಅಂತ ನಂಬಿ ಹೋಗಿ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಸಿಕ್ಕಿಹಾಕಿಕೊಂಡ ಭಾರತೀಯರ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಸಿದೆ. ಶಾಲೆಯ ವಿಳಾಸ ನೀವೇ ಹುಡುಕಿ, ನೀವೇ ಫೋನ್ ಮಾಡಿ. ನಿಯಮಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ವಾರ ಆಯಾ ರಾಯಭಾರ ಕಚೇರಿಯಲ್ಲಿ ಇನ್ನೊಮ್ಮೆ ವಿಚಾರಿಸಿ, ನನ್ನ ಮಾತೇ ಕೊನೆ ಅಂದುಕೊಳ್ಳಬೇಡಿ.

ತಾಯಿಯಿಂದ ಏಜೆಂಟ್ ಒಂದೂವರೆ ಲಕ್ಷ ಕೇಳಿದ್ದನಂತೆ. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನ ಕಳಿಸುವವರು ನೋಂದಣಿ ಮಾಡಿಸಿರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನೋಂದಾಯಿತ ಏಜೆಂಟರ ಪಟ್ಟಿ ಇರುವ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿದೆವು. ಆ ಹೆಸರು ಇರಲಿಲ್ಲ. ಯಾವ ವೀಸಾ ಅಂತ ಬರೆದು ಕಳಿಸಿ ಎಂದು ಹುಡುಗಿ ಅಲ್ಲೇ ಮೆಸೇಜ್ ಹಾಕಿದಳು. ಇವತ್ತಿನವರೆಗೂ ಉತ್ತರ ಇಲ್ಲ.

ಬಿಎಗೆ ಸೇರು ಅಂದೆ. ಮುಕ್ತ ವಿಶ್ವವಿದ್ಯಾಲಯವಾದರೆ ಕೆಲಸದ ಜೊತೆಗೇ ಓದಬಹುದು. ಆದರೆ ದೂರಶಿಕ್ಷಣದ ಡಿಗ್ರಿಯನ್ನು ಎಲ್ಲ ದೇಶಗಳೂ ಒಂದೇ ರೀತಿ ನೋಡುವುದಿಲ್ಲ, ಸೇರುವ ಮೊದಲೇ ವಿಚಾರಿಸಬೇಕು. ಟ್ಯುಟೋರಿಯಲ್‌ನಿಂದ ತಾರೀಖಿನ ಸಮೇತ ಅನುಭವ ಪತ್ರ ತಗೋ, ಸಂಬಳ ಬ್ಯಾಂಕಿಗೇ ಹಾಕಿಸಿಕೋ ಅಂತಲೂ ಹೇಳಿ ಕಳಿಸಿದೆ.

ಮೊನ್ನೆ ಆ ಪತ್ರದ ಫೋಟೋ ಕಳಿಸಿದ್ದಳು. ಲೆಟರ್‌ಹೆಡ್, ಸಹಿ, ಸೇರಿದ ದಿನ, ಎಲ್ಲ ಸರಿಯಾಗಿತ್ತು. ಇದನ್ನು ಲ್ಯಾಮಿನೇಟ್ ಮಾಡಿಸಬೇಡಮ್ಮ, ಮುಂದೆ ಪತ್ರ ಅಸಲಿ ಅಂತ ದೃಢೀಕರಿಸುವ ಅಟೆಸ್ಟೇಷನ್ ಸೀಲು ಹಾಕಲು ಆಗೋದಿಲ್ಲ ಅಂತ ಕೂಡಲೇ ಉತ್ತರ ಬರೆದೆ.