ಹಾಲು ಕಾಯಿಸಿದರೆ ಸಾಯುವುದು ಯಾವುದು, ಉಳಿಯುವುದು ಯಾವುದು

ನಾನು ಪಶುವೈದ್ಯ ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಜನ ಕೇಳುವ ಮೊದಲ ಪ್ರಶ್ನೆ ಇದು. "ಹಾಲಲ್ಲಿ ಆ್ಯಂಟಿಬಯಾಟಿಕ್ ಇರುತ್ತಂತಲ್ಲ ಡಾಕ್ಟ್ರೇ, ಕಾಯಿಸಿದ್ರೆ ಹೋಗುತ್ತಾ?" ಎರಡನೇ ಪ್ರಶ್ನೆ ಫಾರಂ ಕೋಳಿಯದು.

ಇದರಲ್ಲಿ ಎರಡು ಬೇರೆ ಬೇರೆ ಸಂಗತಿ ಕಲಸಿಹೋಗಿವೆ. ಒಂದು, ಹಾಲಲ್ಲೋ ಮಾಂಸದಲ್ಲೋ ಉಳಿದುಬಿಡುವ ಔಷಧದ ಅಂಶ. ಇನ್ನೊಂದು, ಆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ. ಹಾಲು ಚೆನ್ನಾಗಿ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಔಷಧದ ಅಂಶ ಮಾತ್ರ ಬಹುಪಾಲು ಹಾಗೇ ಉಳಿಯುತ್ತದೆ. ಜನ ಹೆದರುವುದು ಔಷಧದ ಅಂಶಕ್ಕೆ. ನನಗೆ ಜಾಸ್ತಿ ಭಯ ಬ್ಯಾಕ್ಟೀರಿಯಾದ್ದು, ಯಾಕಂದ್ರೆ ಅದು ಹಾಲಿನ ಪ್ಯಾಕೆಟ್ ಒಳಗೇ ಬರಬೇಕು ಅಂತೇನಿಲ್ಲ.

ಮೊದಲು ಔಷಧದ ಅಂಶದ ಮಾತು ಮುಗಿಸೋಣ. ಹಸುವಿಗೆ ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಕೆಲವು ದಿನ ಅದರ ಹಾಲು ಮಾರಬಾರದು. ಎಷ್ಟು ದಿನ ಅಂತ ಔಷಧದ ಲೇಬಲ್ ಮೇಲೆ ಇರಬೇಕು. ಇಲ್ಲದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಅಂತ 2012ರಲ್ಲಿ ಕೇಂದ್ರದ ಔಷಧ ನಿಯಮಕ್ಕೆ ಸೇರಿಸಿದರು. ಈ ಅವಧಿ ಪಾಲಿಸದ ಹಾಲಿಗೆ ಹೆಪ್ಪು ಹಾಕಿದರೆ ಕೆಲವೊಮ್ಮೆ ಮೊಸರೇ ಆಗುವುದಿಲ್ಲ, ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಪೆನಿಸಿಲಿನ್ ಕೊಂದಿರುತ್ತದೆ. (ಹಾಗಂತ ಡಿಸೆಂಬರ್ ಚಳಿಗೆ ಮೊಸರು ಆಗಲಿಲ್ಲ ಅಂತ ಹಾಲಿನವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಮೊಸರು ಆಯ್ತು ಅಂದ ಮಾತ್ರಕ್ಕೆ ಹಾಲು ಶುದ್ಧ ಅಂತಲೂ ಅಲ್ಲ.)

ನಿಯಮ ಬರೆಯುವುದು ಸುಲಭ. ದೊಡ್ಡಬಳ್ಳಾಪುರದ ಕಡೆ ಎರಡು ಎಚ್‌ಎಫ್ (ಜಾಸ್ತಿ ಹಾಲು ಕೊಡುವ ವಿದೇಶಿ ತಳಿ, ಹೋಲ್‌ಸ್ಟೈನ್ ಫ್ರೀಸಿಯನ್) ಹಸು ಕಟ್ಟಿಕೊಂಡ ಮನೆಗೆ ಹೋಗಿ, ಏಳು ದಿನ ಒಂದು ಹಸುವಿನ ಹಾಲು ಚರಂಡಿಗೆ ಚೆಲ್ಲಿ ಅನ್ನಿ ನೋಡೋಣ. ಬೂಸಾ, ಹಿಂಡಿ, ಸಂಘದ ಸಾಲ ಎಲ್ಲ ಆ ಹಾಲಿನ ಬಟವಾಡೆಯಲ್ಲೇ ತೀರಬೇಕು. ಆ ಮನೆಯ ಅಮ್ಮ ನನ್ನ ಮುಖ ನೋಡಿ "ಆಯ್ತು ಸಾರ್" ಅನ್ನುತ್ತಾರೆ. ಸಂಜೆ ಹಾಲು ಡೇರಿಗೆ ಹೋಗುತ್ತದೆ. ನಾನು ಅವರನ್ನು ಬೈಯಲಾರೆ.

ಈಗ ಬ್ಯಾಕ್ಟೀರಿಯಾಕ್ಕೆ ಬರೋಣ. ಹಾಲು ಕೊಡುವ ಹಸುವಿಗೆ ಆ್ಯಂಟಿಬಯಾಟಿಕ್ ಜಾಸ್ತಿ ಹೋಗುವುದು ಕೆಚ್ಚಲು ಬಾವು ರೋಗಕ್ಕೆ. ಅದಕ್ಕೆ ಕಾರಣ ಸ್ಟೆಫೈಲೋಕಾಕಸ್ ಇರಬಹುದು, ಸ್ಟ್ರೆಪ್ಟೋಕಾಕಸ್ ಇರಬಹುದು, ಸಗಣಿಯಿಂದ ಬಂದ ಇ. ಕೋಲಿಯೂ ಇರಬಹುದು, ಒಂದಕ್ಕೆ ನಾಟುವ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಸರಿಯಾದ ದಾರಿ ಅಂದರೆ ಔಷಧ ಶುರು ಮಾಡುವ ಮುಂಚೆ ಹಾಲಿನ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸುವುದು, ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ನೋಡುವುದು. ವರದಿಗೆ ಎರಡು ಮೂರು ದಿನ ಬೇಕು. ಅಷ್ಟು ದಿನ ಕೆಚ್ಚಲು ಕಾಯುವುದಿಲ್ಲ, ರೈತರೂ ಕಾಯುವುದಿಲ್ಲ. "ಪವರ್ ಇರೋದು ಹಾಕಿ ಡಾಕ್ಟ್ರೇ" ಅಂತಾರೆ. ಪವರ್ ಇರೋದು ಅಂದರೆ ಎಷ್ಟೋ ಸಲ ಸೆಫ್ಟ್ರಿಯಾಕ್ಸೋನ್. ಟೈಫಾಯ್ಡ್ ಆಗಿ ಆಸ್ಪತ್ರೆ ಸೇರಿದ ನಿಮ್ಮ ಮಗುವಿಗೆ ಡ್ರಿಪ್‌ನಲ್ಲಿ ಕೊಡುವುದೂ ಅದನ್ನೇ.

ಇನ್ನು ಸುಮ್ನೆ ಹಾಕುವ ಇಂಜೆಕ್ಷನ್‌ಗಳಿವೆ. ಹಸುಗಳಿಗೆ ಬರುವ ಮೂರು ದಿನದ ಜ್ವರ ವೈರಸ್‌ನಿಂದ ಬರುತ್ತದೆ. ಹೆಸರೇ ಹೇಳುವ ಹಾಗೆ ಬಹಳಷ್ಟು ಹಸುಗಳಲ್ಲಿ ಮೂರು ನಾಲ್ಕು ದಿನಕ್ಕೆ ತಾನೇ ಇಳಿಯುತ್ತದೆ. ಎರಡನೇ ದಿನ ಯಾರೋ ಆ್ಯಂಟಿಬಯಾಟಿಕ್ ಕೊಟ್ಟಿರುತ್ತಾರೆ, ಹೆಸರು ಅದಕ್ಕೆ ಹೋಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ತುಂಬ ಹರಡಿತಲ್ಲ, ಅದೂ ವೈರಸ್ಸೇ. ಗಾಯದಲ್ಲಿ ಕೀವು ಆದಾಗ ಆ್ಯಂಟಿಬಯಾಟಿಕ್ ಬೇಕು ನಿಜ, ಗಂಟು ಕಂಡ ದಿನವೇ ಬೇಡ. ಕೋರ್ಸ್ ಅರ್ಧಕ್ಕೆ ನಿಲ್ಲಿಸುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನನ್ನ ಪ್ರಕಾರ ಶುರುವೇ ಮಾಡಬಾರದಿದ್ದ ಕೋರ್ಸ್‌ಗಳ ಹಾವಳಿ ಅದಕ್ಕಿಂತ ದೊಡ್ಡದು.

ಕೊಟ್ಟ ಔಷಧ ಹಸುವಿನ ಹೊಟ್ಟೆಯಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೂ ತಗಲುತ್ತದೆ. ಸಾಯುವವು ಸಾಯುತ್ತವೆ, ಜಗ್ಗದವು ಉಳಿದು ಹೆಚ್ಚುತ್ತವೆ, ಸಗಣಿಯಲ್ಲಿ ಹೊರಗೆ ಬರುತ್ತವೆ. ಅಲ್ಲಿಂದ ತಿಪ್ಪೆ, ತಿಪ್ಪೆಯಿಂದ ಕೊತ್ತಂಬರಿ ಮಡಿ. ಕೊಟ್ಟಿಗೆ ತೊಳೆಯುವವರ ಕೈಗೂ ಹತ್ತುತ್ತವೆ. ಹೋಗುತ್ತಾ ಈ ಗುಣವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು, ಪ್ಲಾಸ್ಮಿಡ್ ಅನ್ನುವ ಸಣ್ಣ ಡಿಎನ್‌ಎ ಉಂಗುರದ ಮೂಲಕ. 2015ರಲ್ಲಿ ಚೀನಾದವರು ಹಂದಿ, ಮಾಂಸ, ರೋಗಿಗಳು ಮೂರರಲ್ಲೂ ಎಂಸಿಆರ್-1 ಅನ್ನುವ, ಹೀಗೆ ಪ್ಲಾಸ್ಮಿಡ್ ಮೂಲಕ ದಾಟಬಲ್ಲ ಜೀನ್ ಸಿಕ್ಕಿದೆ ಅಂತ ವರದಿ ಮಾಡಿದಾಗ ಜಗತ್ತು ಬೆಚ್ಚಿತು, ಯಾಕಂದ್ರೆ ಅದು ಇದ್ದ ಬ್ಯಾಕ್ಟೀರಿಯಾ ಜಗ್ಗದಿದ್ದದ್ದು ಕೊಲಿಸ್ಟಿನ್‌ಗೆ. ಐಸಿಯುನಲ್ಲಿ ಬೇರೆ ಯಾವುದೂ ಕೆಲಸ ಮಾಡದಾಗ ವೈದ್ಯರು ಕೊನೆಗೆ ಕೈಹಾಕುವ ಔಷಧ ಅದು. ಅದನ್ನೇ ಕೋಳಿಗಳಿಗೆ, ಬೇಗ ಮೈ ತುಂಬಲಿ ಅಂತ ಮೇವಲ್ಲಿ ಬೆರೆಸುತ್ತಿದ್ದರು. ನಮ್ಮಲ್ಲಿ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧವಾದದ್ದು 2019ರಲ್ಲಿ. ತೂಕ ಹೆಚ್ಚಿಸಲು ಆ್ಯಂಟಿಬಯಾಟಿಕ್ ಕೊಡುವುದನ್ನು ಯುರೋಪಿನವರು 2006ಕ್ಕೇ ಪೂರ್ತಿ ನಿಲ್ಲಿಸಿದ್ದರು.

ಹಾಗಾದರೆ ಹಸುವಿಗೆ ಔಷಧವೇ ಬೇಡವಾ? ನೋವು ತಿನ್ನುವ ಹಸುವನ್ನು ಹಾಗೇ ಬಿಡಿ ಅಂತ ನಾನು ಹೇಳಲ್ಲ. ಬಾವು ಬರದ ಹಾಗೆ ನೋಡಿಕೊಳ್ಳುವುದು ಅಗ್ಗ, ಅಷ್ಟೇ. ಕರೆಯುವ ಮುಂಚೆ ಕೆಚ್ಚಲು ತೊಳೆದು ಒಣ ಬಟ್ಟೆಯಲ್ಲಿ ಒರೆಸಬೇಕು, ಕರೆದ ಮೇಲೆ ಮೊಲೆತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ಹಾಲು ಕರೆದ ತಕ್ಷಣ ಹಸು ಮಲಗಬಾರದು, ತೊಟ್ಟಿನ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅದಕ್ಕೇ ಆ ಹೊತ್ತಿಗೆ ಮೇವು ಹಾಕಿ ನಿಲ್ಲಿಸಿ. ಶುರುವಿನ ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಹಚ್ಚುವ ಮದ್ದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಹೇಳುತ್ತದೆ. ಜ್ವರ ಬಂದು ಹಸು ಮಂಕಾಗಿದ್ದರೆ ಮಾತ್ರ ಅದನ್ನು ನಂಬಿ ಕೂರಬೇಡಿ.

ಸಿಟಿಯವರಿಗೆ ಎರಡು ಮಾತು. ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಡಿ, ನೀರು ಸಿಡಿದು ಸಿಂಕೆಲ್ಲ ಬ್ಯಾಕ್ಟೀರಿಯಾ ಆಗುತ್ತದೆ. ಸೌತೆಕಾಯಿ ಹೆಚ್ಚುವ ಮಣೆ ಬೇರೆ ಇರಲಿ. ಹಾಗೆಯೇ ಹೋದ ಸಲ ಉಳಿದ ಮಾತ್ರೆ ಅಂತ ನಿಮ್ಮ ನಾಯಿಗೆ ಆ್ಯಂಟಿಬಯಾಟಿಕ್ ನುಂಗಿಸುತ್ತೀರಲ್ಲ, ರೈತರನ್ನು ದೂರುವ ಮುಂಚೆ ಅದನ್ನು ನಿಲ್ಲಿಸಿ.

ಸರ್ಕಾರಕ್ಕೆ, ಹಾಲು ಒಕ್ಕೂಟಗಳಿಗೆ ನನ್ನದು ಒಂದೇ ಬೇಡಿಕೆ. ಲೀಟರ್‌ಗೆ ಪ್ರೋತ್ಸಾಹಧನ ಕೊಡುತ್ತೀರಲ್ಲ, ಚಿಕಿತ್ಸೆಯ ದಿನಗಳಲ್ಲಿ ಡೇರಿಗೆ ಹಾಕದೆ ಚೆಲ್ಲಿದ ಹಾಲಿಗೂ ಪಶುವೈದ್ಯರ ಚೀಟಿ ನೋಡಿ ಒಂದಿಷ್ಟು ದುಡ್ಡು ಕೊಡಿ.